ಜಾಲಿ ಮುಳ್ಳು ಚುಚ್ಚಿದಾಗ ಮೈಯೊಳಗೆ ಏನಾಗುತ್ತದೆ: ಪಿಯು ಮಕ್ಕಳಿಗೆ ಇಮ್ಯುನಾಲಜಿ

ಹಗರಿ ದಂಡೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ಮಕ್ಕಳಿಗೆ ಬಳ್ಳಾರಿ ಜಾಲಿಯ ಮುಳ್ಳಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಹೊಳೆ ಮರಳಿನ ಪಕ್ಕ, ಕಾಲುವೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಎಲ್ಲಿ ನೋಡಿದರೂ ಅದೇ ಗಿಡ. ಹೆಸರು ನಮ್ಮೂರಿನದು, ಗಿಡ ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಅದರ ಮುಳ್ಳು ಹವಾಯಿ ಚಪ್ಪಲಿಯನ್ನೂ ದಾಟಿ ಕಾಲಿಗೆ ಇಳಿಯುತ್ತದೆ.

ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಒಂದು ದಿನ ಒಬ್ಬ ಹುಡುಗಿ ಕುಂಟುತ್ತಾ ಕ್ಲಾಸಿಗೆ ಬಂದಳು. ಕೂತವಳೇ ಕೇಳಿದಳು: "ಸರ್, ಮುಳ್ಳು ನಿನ್ನೇನೇ ತೆಗೆದ್ವಿ. ಮತ್ತೆ ಇವತ್ತು ಯಾಕೆ ಜಾಸ್ತಿ ಬಾತಿದೆ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಮುಳ್ಳು ಹೋಯಿತು, ಬಾವು ಬಂತು. ಹಾಗಾದರೆ ಬಾವು ಯಾರ ಕೆಲಸ?

ಮುಳ್ಳಿನ ಕೆಲಸ ಅಲ್ಲ. ಅದು ನಿಮ್ಮ ಮೈಯ ಕೆಲಸ. ಮುಳ್ಳಿನ ತುದಿಯಲ್ಲಿದ್ದ ಬ್ಯಾಕ್ಟೀರಿಯಾ ಚರ್ಮದ ಕೆಳಗೆ ಇಳಿದ ಕೂಡಲೇ ಅಲ್ಲೇ ಕಾದಿದ್ದ ಕೆಲವು ಕೋಶಗಳು ರಾಸಾಯನಿಕಗಳನ್ನು ಹೊರಗೆ ಬಿಡುತ್ತವೆ. ಮಾಸ್ಟ್ ಕೋಶ ಬಿಡುವ ಹಿಸ್ಟಮಿನ್ ಅದರಲ್ಲಿ ಒಂದು. ಹಿಸ್ಟಮಿನ್ ತಾಗಿದರೆ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಹೆಚ್ಚು ರಕ್ತ ಹರಿದು ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ. ನಾಳದ ಗೋಡೆಯಲ್ಲಿ ಸಂದು ಬಿಟ್ಟು ನೀರು ಸೋರಿ ಹೊರಗೆ ಬರುತ್ತದೆ, ಅದೇ ಬಾವು. ಅಲ್ಲಿನ ನರಗಳು ಕೆರಳಿ ನೋವು. ಕೆಂಪು, ಬಿಸಿ, ಬಾವು, ನೋವು: ಈ ನಾಲ್ಕು ಗುರುತುಗಳನ್ನು ರೋಮಿನ ಸೆಲ್ಸಸ್ ಎಂಬಾತ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದ. ಕಾರಣ ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ನಾಳ ಸೋರುವುದರಲ್ಲಿ ಒಂದು ಉದ್ದೇಶ ಇದೆ. ರಕ್ತದಲ್ಲಿ ತೇಲುತ್ತಾ ಹೋಗುವ ಬಿಳಿ ಕಣಗಳು ಅದೇ ಸಂದಿನಿಂದ ನುಸುಳಿ ಗಾಯದ ಜಾಗಕ್ಕೆ ಬರಬೇಕು, ಅದಕ್ಕೆ ಬಾಗಿಲು ತೆರೆಯುವುದು ಅದು. ಬರಲು ಹೊತ್ತು ಬೇಕು. ಅದಕ್ಕೇ ಮಾರನೇ ದಿನ ಬಾವು ಜಾಸ್ತಿ.

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ನಾವು "ರೋಗನಿರೋಧಕ ಶಕ್ತಿ" ಎನ್ನುತ್ತೇವೆ. ಈ "ಶಕ್ತಿ" ಎಂಬ ಪದ ಮಕ್ಕಳ ದಾರಿ ತಪ್ಪಿಸುತ್ತದೆ ಎಂದು ನನಗೆ ವರ್ಷಗಳಿಂದ ಅನ್ನಿಸಿದೆ. ಶಕ್ತಿ ಎಂದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಏನನ್ನೋ ಕುಡಿದರೆ ಹೆಚ್ಚುತ್ತದೆ ಎಂದು ಮನಸ್ಸಿಗೆ ಬಂದುಬಿಡುತ್ತದೆ. ಪುಸ್ತಕಗಳು ಕೋಟೆ, ಸೈನಿಕರು, ಯುದ್ಧ ಎಂದು ಹೇಳುವುದೂ ಹಾಗೆಯೇ. ನಮ್ಮೂರ ಗುಡ್ಡದ ಮೇಲೆ ಕೋಟೆ ಇದೆ, ಕೆಳಗೆ ಇನ್ನೊಂದು ಸುತ್ತು ಇದೆ, ಆದ್ದರಿಂದ ಹೋಲಿಕೆ ಬೇಗ ಹಿಡಿಸುತ್ತದೆ. ಆದರೆ ಕೋಟೆಯ ಕಾವಲುಗಾರನಿಗೆ ಶತ್ರು ಯಾರೆಂದು ಯಾರೋ ಹೇಳಿರುತ್ತಾರೆ. ಮೈಗೆ ಯಾರು ಹೇಳುತ್ತಾರೆ? ನಮ್ಮ ಮೈಯಲ್ಲಿ, ಅದರಲ್ಲೂ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿ ಬದುಕುತ್ತಿವೆ ಎಂದು ಅಂದಾಜು. ಅವುಗಳ ಮೇಲೆ ಏರಿಹೋಗಬಾರದು. ತಿಂದ ರೊಟ್ಟಿಯ ಮೇಲೆ ಏರಿಹೋಗಬಾರದು. ಸ್ವಂತ ಕಿಡ್ನಿಯ ಮೇಲೆ ಏರಿಹೋಗಬಾರದು. ಕಾಲಿಗೆ ಇಳಿದ ಬ್ಯಾಕ್ಟೀರಿಯಾವನ್ನು ಮಾತ್ರ ಬಿಡಬಾರದು.

ಆದ್ದರಿಂದ ಇಮ್ಯುನಾಲಜಿ, ಅಂದರೆ ರೋಗನಿರೋಧಕತೆಯ ಶಾಸ್ತ್ರ, ಕೇಳುವ ಮುಖ್ಯ ಪ್ರಶ್ನೆ ಬಲದ್ದಲ್ಲ, ಗುರುತು ಹಿಡಿಯುವುದರದ್ದು. ಯಾರು ನಮ್ಮವರು, ಯಾರು ಹೊರಗಿನವರು, ಹೊರಗಿನವರಲ್ಲಿ ಯಾರಿಂದ ಅಪಾಯ, ಈ ಮುಖ ಹಿಂದೆ ನೋಡಿದ್ದಾ. ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದ ಹೆಸರುಗಳು ಸುಮ್ನೆ ಬಾಯಿಪಾಠದ ಪಟ್ಟಿ ಆಗಿ ಉಳಿಯುವುದಿಲ್ಲ.

ಈಗ ಇನ್ನೊಂದು ಮುಳ್ಳಿನ ಕಥೆ. 1882ನೇ ಇಸವಿ, ಇಟಲಿಯ ಮೆಸ್ಸಿನಾ ಊರು. ಎಲಿ ಮೆಚ್ನಿಕಾಫ್ ಎಂಬ ರಷ್ಯಾದ ಪ್ರಾಣಿಶಾಸ್ತ್ರಜ್ಞ ಸಮುದ್ರದ ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಆ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಒಳಗೆ ಓಡಾಡುವ ಕೋಶಗಳು ಕಾಣುತ್ತವೆ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಒಬ್ಬನೇ ಕೂತಿದ್ದವನಿಗೆ ಒಂದು ಯೋಚನೆ ಬಂತು: ಈ ಕೋಶಗಳು ಮೈ ಕಾಯುವ ಕೋಶಗಳೇ ಆಗಿದ್ದರೆ, ಮುಳ್ಳು ಚುಚ್ಚಿದರೆ ಅದರ ಸುತ್ತ ಸೇರಬೇಕು, ಅಲ್ವಾ? ತೋಟದಿಂದ ಗುಲಾಬಿ ಮುಳ್ಳು ತಂದು ಮರಿಗಳಿಗೆ ಚುಚ್ಚಿದ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಗುಂಪು ಕೂಡಿತ್ತು. ಹೊರಗಿನಿಂದ ಬಂದದ್ದನ್ನು ಕೋಶಗಳು ಹೀಗೆ ಸುತ್ತುವರಿದು ನುಂಗುವ ಕ್ರಿಯೆಗೆ ಫ್ಯಾಗೊಸೈಟೋಸಿಸ್ ಎಂಬ ಹೆಸರು ಬಂತು. 1908ರಲ್ಲಿ ಪಾಲ್ ಎರ್ಲಿಚ್ ಜೊತೆ ಅವನಿಗೆ ನೊಬೆಲ್ ಸಿಕ್ಕಿತು. ಸಿಸಿಲಿಯ ಆ ಮರಿಯೊಳಗೆ ಆದದ್ದೇ ನಮ್ಮ ಹುಡುಗಿಯ ಕಾಲಿನಲ್ಲೂ ಆಗುತ್ತಿತ್ತು.

ಗಾಯಕ್ಕೆ ಮೊದಲು ಓಡಿ ಬರುವವು ನ್ಯೂಟ್ರೊಫಿಲ್‌ಗಳು. ನಿಮ್ಮ ಮನೆಯಲ್ಲಿ ಯಾರದಾದರೂ ರಕ್ತ ಪರೀಕ್ಷೆಯ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಬಿಳಿ ರಕ್ತಕಣ ಒಂದು ಮೈಕ್ರೊಲೀಟರಿಗೆ ಸುಮಾರು 4,000ದಿಂದ 11,000, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ನ್ಯೂಟ್ರೊಫಿಲ್ ಎಂದು ಇರುತ್ತದೆ. ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್ ಹುಟ್ಟಿಸುತ್ತದೆ. ಅವುಗಳ ಆಯುಸ್ಸು ಕೆಲವು ಗಂಟೆಯಿಂದ ಕೆಲವು ದಿನ ಅಷ್ಟೇ. ಬ್ಯಾಕ್ಟೀರಿಯಾ ನುಂಗುತ್ತವೆ, ಕೊಲ್ಲುತ್ತವೆ, ತಾವೂ ಸಾಯುತ್ತವೆ. ಗಾಯದಲ್ಲಿ ನೀವು ನೋಡುವ ಕೀವು ಬಹುಪಾಲು ಸತ್ತ ನ್ಯೂಟ್ರೊಫಿಲ್‌ಗಳೇ. ಅದರ ಹಿಂದೆ ಮ್ಯಾಕ್ರೊಫೇಜ್ ಬರುತ್ತದೆ, ದೊಡ್ಡ ಕೋಶ, ಉಳಿದ ಬ್ಯಾಕ್ಟೀರಿಯಾವನ್ನೂ ಸತ್ತ ಕೋಶಗಳನ್ನೂ ನುಂಗಿ ಜಾಗ ಚೊಕ್ಕ ಮಾಡುತ್ತದೆ.

ಇವು ಗುರುತು ಹಿಡಿಯುವುದು ಹೇಗೆ? ಇವಕ್ಕೆ ಪ್ರತಿ ರೋಗಾಣುವಿನ ಮುಖಪರಿಚಯ ಇಲ್ಲ. ಆದರೆ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಕೆಲವು ವಸ್ತುಗಳಿವೆ, ನಮ್ಮ ಮೈಯ ಯಾವ ಕೋಶದಲ್ಲೂ ಅವು ಇಲ್ಲ. ವೈರಸ್‌ಗಳ ಕೆಲವು ಆರ್‌ಎನ್‌ಎ ರೂಪಗಳೂ ಹಾಗೇ. ಅವುಗಳನ್ನು ಹಿಡಿಯುವ ಗ್ರಾಹಕಗಳು ಹುಟ್ಟಿನಿಂದಲೇ ಈ ಕೋಶಗಳ ಮೇಲಿರುತ್ತವೆ. ಜಾತ್ರೆಯಲ್ಲಿ ಯಾರ ಹೆಸರೂ ಗೊತ್ತಿಲ್ಲದಿದ್ದರೂ ಮಾತಿನ ಧಾಟಿಯಿಂದ "ಇವರು ನಮ್ಮ ಕಡೆಯವರಲ್ಲ" ಎಂದು ತಿಳಿಯುತ್ತದಲ್ಲ, ಹಾಗೆ. ಇದೇ ಸಹಜ ರೋಗನಿರೋಧಕತೆ. ಚರ್ಮ, ಹೊಟ್ಟೆಯ ಆಮ್ಲ, ಕಣ್ಣೀರಿನಲ್ಲಿರುವ ಲೈಸೋಜೈಮ್ ಎಲ್ಲ ಇದರದ್ದೇ ಪಾಲು. ಇದು ಬೇಗ ಬರುತ್ತದೆ. ಆದರೆ ಬಂದವನ ಮುಖವನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಕೆಲಸ ಇದರದ್ದಲ್ಲ.

ಆ ಕೆಲಸ ಶುರುವಾಗುವುದು ಗಾಯದ ಜಾಗದಲ್ಲಿ ಅಲ್ಲ, ಬೇರೆ ಕಡೆ. ಹುಡುಗಿಯನ್ನು ಕೇಳಿದೆ: ತೊಡೆ ಸಂದಿಯಲ್ಲಿ ಗಂಟು ಕಟ್ಟಿದೆಯಾ? ಹೌದು ಎಂದಳು. ಕಾಲಿಗೆ ಹುಣ್ಣಾದರೆ ತೊಡೆ ಸಂದಿಯಲ್ಲಿ, ಕೈಗಾದರೆ ಕಂಕುಳಲ್ಲಿ, ಗಂಟಲು ಕೆಟ್ಟರೆ ದವಡೆ ಕೆಳಗೆ ಗಂಟು ಏಳುವುದು ನಮ್ಮ ಹಿರಿಯರಿಗೆಲ್ಲ ಗೊತ್ತು. ಅದು ದುಗ್ಧಗ್ರಂಥಿ. ಮೈತುಂಬ ಅಂಥವು ಐನೂರು ಆರುನೂರು ಇವೆ. ಗಾಯದ ಜಾಗದಲ್ಲಿ ಡೆಂಡ್ರೈಟಿಕ್ ಕೋಶ ಎಂಬ ಒಂದು ಕೋಶ ಇರುತ್ತದೆ, ಮೈತುಂಬ ರೆಂಬೆಗಳಂಥ ಚಾಚುಗಳಿರುವ ಕೋಶ. ಅದು ಬ್ಯಾಕ್ಟೀರಿಯಾದ ಚೂರನ್ನು ಹಿಡಿದು, ದುಗ್ಧರಸದ ನಾಳದಲ್ಲಿ ಸಾಗಿ, ಆ ಗಂಟಿಗೆ ಹೋಗಿ ಅಲ್ಲಿ ಸೇರಿದ ಟಿ ಕೋಶಗಳೆಂಬ ಬಿಳಿ ಕಣಗಳಿಗೆ ತೋರಿಸುತ್ತದೆ: ಇದು ಯಾರಿಗಾದರೂ ಹೊಂದುತ್ತದಾ? ಹೊಂದಿದ ಕೋಶ ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ಒಡೆಯುತ್ತಾ ಸಾವಿರಾರು ಆಗುತ್ತದೆ. ಗಂಟು ಊದುವುದು ಅದಕ್ಕೇ. ಡೆಂಡ್ರೈಟಿಕ್ ಕೋಶವನ್ನು 1973ರಲ್ಲಿ ಗುರುತಿಸಿ ಹೆಸರಿಟ್ಟ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಘೋಷಣೆಯಾಯಿತು. ಘೋಷಣೆಗೆ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು. ಸಮಿತಿಗೆ ಅದು ತಿಳಿದಿರಲಿಲ್ಲ. ಪ್ರಶಸ್ತಿಯನ್ನು ಹಾಗೇ ಉಳಿಸಿದರು.

ಮುಂದಿನ ಭಾಗವನ್ನು ನಿಧಾನವಾಗಿ ಓದಿ. ನನ್ನ ಮಟ್ಟಿಗೆ ಇಡೀ ಜೀವಶಾಸ್ತ್ರದಲ್ಲೇ ಇದಕ್ಕಿಂತ ಸೊಗಸಾದ ಪಾಠ ಇಲ್ಲ.

ಟಿ ಕೋಶಕ್ಕೂ ಬಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ಕಣಕ್ಕೂ ಪ್ರತಿ ರೋಗಾಣುವಿನ ಮುಖಪರಿಚಯ ಬೇಕು. ಹಿಂದೆಂದೂ ಬಾರದ ರೋಗಾಣುವಿನದ್ದೂ ಬೇಕು. ಆದರೆ ನಮ್ಮಲ್ಲಿ ಪ್ರೊಟೀನು ಮಾಡುವ ಜೀನುಗಳೇ ಸುಮಾರು 20,000. ಒಂದು ಜೀನಿಗೆ ಒಂದು ಪ್ರತಿಕಾಯ (ಬಿ ಕೋಶ ಮಾಡುವ, ರೋಗಾಣುವನ್ನು ಹಿಡಿಯುವ ಪ್ರೊಟೀನು) ಎಂದು ಲೆಕ್ಕ ಹಾಕಿದರೆ ಸಾಲುವುದೇ ಇಲ್ಲ. ಮೈ ಇದನ್ನು ಹೇಗೆ ಮಾಡುತ್ತದೆ?

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ನಿಮ್ಮ ಮನೆಯವರು ಯಾರಾದರೂ ದುಡಿಯುತ್ತಿದ್ದರೆ ಇದು ಬೇಗ ತಿಳಿಯುತ್ತದೆ. ಕಾಲಿನ ತುಂಡು ಬೇರೆ, ಜೇಬು ಬೇರೆ, ಸೊಂಟಪಟ್ಟಿ ಬೇರೆ. ಕಾಲು 40 ಬಗೆ, ಜೇಬು 23 ಬಗೆ, ಪಟ್ಟಿ 6 ಬಗೆ ಇಟ್ಟುಕೊಂಡು ಒಂದೊಂದು ಆರಿಸಿ ಹೊಲಿದರೆ 40ನ್ನು 23ರಿಂದ, ಮತ್ತೆ 6ರಿಂದ ಗುಣಿಸಿ, 5,520 ಬೇರೆಬೇರೆ ಪ್ಯಾಂಟು ಬರುತ್ತವೆ. ತುಂಡುಗಳು ಮಾತ್ರ 69. ಬಿ ಕೋಶ ಮಾಡುವುದೂ ಇದನ್ನೇ. ಪ್ರತಿಕಾಯದ ದೊಡ್ಡ ಸರಪಳಿಗೆ ವಿ ಎಂಬ ಸುಮಾರು 40 ತುಂಡು, ಡಿ ಎಂಬ 23, ಜೆ ಎಂಬ 6 ಡಿಎನ್‌ಎಯಲ್ಲಿ ಸಾಲಾಗಿ ಇವೆ. ಪ್ರತಿ ಬಿ ಕೋಶವೂ ಹುಟ್ಟುವಾಗ ಒಂದೊಂದನ್ನು ಆರಿಸಿ, ನಡುವಿನ ಡಿಎನ್‌ಎಯನ್ನು ಕತ್ತರಿಸಿ ತೆಗೆದು, ಜೋಡಿಸಿಕೊಳ್ಳುತ್ತದೆ. ಚಿಕ್ಕ ಸರಪಳಿಗೆ ಇನ್ನೂ ಸುಮಾರು 300 ಬಗೆಯ ಜೋಡಣೆ ಸಾಧ್ಯ. ಎರಡನ್ನೂ ಗುಣಿಸಿ: 16 ಲಕ್ಷ ದಾಟುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಹೊಲಿಗೆ ಹಾಕುವ ಜಾಗದಲ್ಲಿ ಕೆಲವು ಅಕ್ಷರಗಳನ್ನು ಮನಬಂದಂತೆ ಸೇರಿಸುತ್ತದೆ, ತೆಗೆಯುತ್ತದೆ, ಹಾಗಾಗಿ ಲೆಕ್ಕ ನೂರಾರು ಕೋಟಿಯನ್ನೂ ಮೀರಿ ಹೋಗುತ್ತದೆ. ಇದನ್ನು 1976ರಲ್ಲಿ ತೋರಿಸಿಕೊಟ್ಟವರು ಜಪಾನಿನ ಸುಸುಮು ಟೊನೆಗಾವಾ. 1987ರಲ್ಲಿ ನೊಬೆಲ್ ಬಂತು. ಹುಟ್ಟಿದಾಗ ಬಂದ ಡಿಎನ್‌ಎ ಕೊನೆಯವರೆಗೂ ಹಾಗೇ ಇರುತ್ತದೆ ಎಂದು ನಂಬಿದ್ದ ಕಾಲದಲ್ಲಿ, ಅದನ್ನು ಕತ್ತರಿಸಿ ಜೋಡಿಸಿಕೊಳ್ಳುವ ಕೋಶ ಇದೆ ಎಂದರೆ ಎಷ್ಟು ಜನ ಬೆರಗಾಗಿರಬೇಕು ಯೋಚಿಸಿ.

ಇಲ್ಲಿ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ಪ್ರತಿ ವರ್ಷವೂ ಉತ್ತರ ಪತ್ರಿಕೆಯಲ್ಲಿ ನೋಡುತ್ತೇನೆ. "ರೋಗಾಣು ಬಂದ ಮೇಲೆ ಅದಕ್ಕೆ ತಕ್ಕ ಪ್ರತಿಕಾಯವನ್ನು ದೇಹ ರೂಪಿಸುತ್ತದೆ" ಎಂದು ಬರೆಯುತ್ತಾರೆ. ಅಳತೆ ಕೊಟ್ಟು ಹೊಲಿಸಿದ ಬಟ್ಟೆಯ ಹಾಗೆ. ಹಾಗಲ್ಲ. ಬಟ್ಟೆ ಮೊದಲೇ ಹೊಲಿದು ಅಂಗಡಿಯಲ್ಲಿ ತೂಗುಹಾಕಿದೆ, ಕೋಟಿಗಟ್ಟಲೆ ಬಟ್ಟೆ, ಒಂದೊಂದೂ ಬೇರೆ ಅಳತೆ. ರೋಗಾಣು ಬಂದಾಗ ಅದಕ್ಕೆ ಹೊಂದಿದ ಒಂದನ್ನು ಆರಿಸುವುದು, ಆರಿಸಿದ್ದನ್ನೇ ಲಕ್ಷಗಟ್ಟಲೆ ಮಾಡುವುದು ಅಷ್ಟೇ. ಇದು 1957ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಹೇಳಿದ ಕ್ಲೋನಲ್ ಸೆಲೆಕ್ಷನ್. ಅಂಗಡಿಯಲ್ಲಿರುವ ಬಹಳಷ್ಟು ಕೋಶಗಳು ಒಮ್ಮೆಯೂ ಕೆಲಸಕ್ಕೆ ಬಾರದೆ ಸಾಯುತ್ತವೆ. ಅದು ವ್ಯರ್ಥ ಎನ್ನಿಸಬಹುದು. ಆದರೆ ನಾಳೆ ಯಾವ ಹೊಸ ವೈರಸ್ ಬರುತ್ತದೆಂದು ಯಾರಿಗೂ ಗೊತ್ತಿಲ್ಲದಿರುವಾಗ ಬೇರೆ ದಾರಿ ಏನಿದೆ?

ಆರಿಸಿದ ಮೇಲೂ ಕೆಲಸ ಇದೆ. ದುಗ್ಧಗ್ರಂಥಿಯೊಳಗೆ ಬಿ ಕೋಶಗಳು ತಮ್ಮ ಪ್ರತಿಕಾಯದ ಜೀನಿನಲ್ಲಿ ಸಣ್ಣಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ. ಚೆನ್ನಾಗಿ ಅಂಟಿದ್ದು ಉಳಿಯುತ್ತದೆ, ಅಂಟದ್ದು ಸಾಯುತ್ತದೆ. ರೈತರು ಪ್ರತಿ ಸುಗ್ಗಿಯಲ್ಲೂ ಒಳ್ಳೆಯ ಜೋಳದ ತೆನೆ ಆರಿಸಿ ಬೀಜಕ್ಕೆ ಎತ್ತಿಡುತ್ತಾರಲ್ಲ, ಆ ಕೆಲಸ ಇಲ್ಲಿ ಎರಡು ಮೂರು ವಾರದಲ್ಲಿ ನಡೆದುಹೋಗುತ್ತದೆ. ಹಾಗಾಗಿ ಮೂರನೇ ವಾರದ ಪ್ರತಿಕಾಯ ಮೊದಲ ವಾರದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ.

ಮನಬಂದಂತೆ ಹೊಲಿದರೆ ಒಂದು ಅಪಾಯ ಇದೆ, ಗಮನಿಸಿದಿರಾ? ಕೆಲವು ಕೋಶಗಳು ನಮ್ಮ ಮೈಗೇ ಹೊಂದಿಬಿಡಬಹುದು. ಅದಕ್ಕೇ ಟಿ ಕೋಶಗಳಿಗೆ ಥೈಮಸ್‌ನಲ್ಲಿ ಪರೀಕ್ಷೆ. ಥೈಮಸ್ ಎದೆಮೂಳೆಯ ಹಿಂದೆ ಇರುವ ಗ್ರಂಥಿ, ಮಕ್ಕಳಲ್ಲಿ ದೊಡ್ಡದು, ವಯಸ್ಸಿಗೆ ಬಂದ ಮೇಲೆ ಕುಗ್ಗುತ್ತಾ ಹೋಗುತ್ತದೆ. ಅಲ್ಲಿ ಸ್ವಂತ ಮೈಯ ಪ್ರೊಟೀನುಗಳನ್ನು ತೋರಿಸುತ್ತಾರೆ. ಅವಕ್ಕೆ ಗಟ್ಟಿಯಾಗಿ ಅಂಟಿದ ಕೋಶ ಸಾಯಬೇಕು. ಏನನ್ನೂ ಹಿಡಿಯಲಾಗದ ಕೋಶವೂ ಸಾಯಬೇಕು. ನೂರರಲ್ಲಿ 95ಕ್ಕೂ ಹೆಚ್ಚು ಕೋಶಗಳು ಅಲ್ಲೇ ಮುಗಿಯುತ್ತವೆ. ಪಾಸಾದವು ಹೊರಗೆ ಬಂದು ಎರಡು ಮುಖ್ಯ ಗುಂಪಾಗುತ್ತವೆ. ಸಹಾಯಕ ಟಿ ಕೋಶ ಬಿ ಕೋಶಕ್ಕೆ, ಮ್ಯಾಕ್ರೊಫೇಜ್‌ಗೆ "ಹೌದು, ಇದು ಹೊರಗಿನದೇ, ಶುರು ಮಾಡು" ಎಂದು ಅನುಮತಿ ಕೊಡುತ್ತದೆ. ಕೊಲ್ಲುವ ಟಿ ಕೋಶ ವೈರಸ್ ಹೊಕ್ಕ ನಮ್ಮದೇ ಕೋಶವನ್ನು ಸಾಯಿಸುತ್ತದೆ. ಒಳಗೆ ವೈರಸ್ ಇದೆ ಎಂದು ಹೊರಗಿನಿಂದ ತಿಳಿಯುವುದು ಹೇಗೆ? ನಮ್ಮ ಬಹುತೇಕ ಎಲ್ಲ ಕೋಶಗಳೂ ಒಳಗೆ ತಯಾರಾಗುವ ಪ್ರೊಟೀನುಗಳ ಚೂರುಗಳನ್ನು ಎಂಎಚ್‌ಸಿ ಎಂಬ ಹಿಡಿಕೆಯಲ್ಲಿಟ್ಟು ಹೊರಗೆ ತೋರಿಸುತ್ತಲೇ ಇರುತ್ತವೆ. ಅಲ್ಲಿ ಅಪರಿಚಿತ ಚೂರು ಕಂಡರೆ ಆ ಕೋಶದ ಕಥೆ ಮುಗಿಯಿತು. ಈ ಹಿಡಿಕೆ ಒಬ್ಬೊಬ್ಬರಲ್ಲಿ ಒಂದೊಂದು ತರಹ ಇರುವುದರಿಂದಲೇ ಕಿಡ್ನಿ ಕಸಿ ಮಾಡುವ ಮೊದಲು ಹೊಂದಿಕೆ ನೋಡುವುದು.

ಬಿ ಕೋಶಗಳ ಕೆಲಸ ಪ್ರತಿಕಾಯ ಮಾಡುವುದು. ಪ್ರತಿಕಾಯ ಎಂದರೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೊಟೀನು. ಎರಡು ತೋಳುಗಳ ತುದಿ ರೋಗಾಣುವನ್ನು ಹಿಡಿಯುತ್ತದೆ, ಬಾಲ ನುಂಗುವ ಕೋಶಗಳನ್ನು ಕರೆಯುತ್ತದೆ. ಐದು ಬಗೆ ಇವೆ. ಮೊದಲು ಬರುವುದು ಐಜಿಎಂ, ರಕ್ತದಲ್ಲಿ ಜಾಸ್ತಿ ಇರುವುದು ಐಜಿಜಿ, ಜೊಲ್ಲು ಹಾಲು ಕಣ್ಣೀರಿನಲ್ಲಿ ಐಜಿಎ, ಅಲರ್ಜಿಗೆ ಐಜಿಇ. ಐಜಿಡಿ ಬಿ ಕೋಶದ ಮೈಮೇಲೆ ಇರುತ್ತದೆ, ಪರೀಕ್ಷೆಗೆ ಇಷ್ಟು ಸಾಕು.

ಐಜಿಜಿ ತಾಯಿಯ ರಕ್ತದಿಂದ ಹೊಟ್ಟೆಯಲ್ಲಿರುವ ಮಗುವಿಗೆ ದಾಟುತ್ತದೆ. ಮಗು ಹುಟ್ಟುವಾಗಲೇ ತಾಯಿಯ ಗುರುತುಗಳನ್ನು ಸಾಲ ತಂದಿರುತ್ತದೆ, ಕೆಲವು ತಿಂಗಳಲ್ಲಿ ಅದು ಕರಗುತ್ತದೆ. ದಡಾರದ ಲಸಿಕೆಯನ್ನು 9 ತಿಂಗಳಿಗೆ ಹಾಕುವುದು ಇದೇ ಕಾರಣಕ್ಕೆ. ಅದಕ್ಕೂ ಮೊದಲು ಹಾಕಿದರೆ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನು ಹಿಡಿದುಬಿಡಬಹುದು. ಹಸು ಎಮ್ಮೆಗಳಲ್ಲಿ ಹಾಗಲ್ಲ. ಅವುಗಳ ಮಾಸು ಪ್ರತಿಕಾಯವನ್ನು ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದೆಲ್ಲ ಗಿಣ್ಣಿನಲ್ಲಿದೆ. ಕರುವಿನ ಕರುಳು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ ಪ್ರತಿಕಾಯವನ್ನು ಇಡಿಯಾಗಿ ಹೀರಬಲ್ಲದು, ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚುತ್ತದೆ. ಮನೆಯಲ್ಲಿ ಎಮ್ಮೆ ಈದಾಗ ಓಣಿಗೆಲ್ಲ ಗಿಣ್ಣು ಹಂಚುವ ರೂಢಿ ಬಹಳ ಒಳ್ಳೆಯದು. ಆದರೆ ಮೊದಲು ಕರು ಹೊಟ್ಟೆ ತುಂಬ ಕುಡಿಯಲಿ, ಆಮೇಲೆ ಬೆಲ್ಲ ಏಲಕ್ಕಿ ಹಾಕಿ ನಾವು ತಿನ್ನೋಣ. ಮನುಷ್ಯರ ಮಗುವಿಗೂ ತಾಯಿಯ ಮೊದಲ ಹಳದಿ ಹಾಲು ಐಜಿಎ ತುಂಬಿದ ಹಾಲು. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ಮನೆಯವರಿಗೆ ಹೇಳಿ ಬಿಡಿಸಿ.

ಈಗ ನೆನಪಿನ ವಿಷಯ. ಸೋಂಕು ಕಳೆದ ಮೇಲೆ ಹೆಚ್ಚಿದ ಕೋಶಗಳಲ್ಲಿ ಬಹಳಷ್ಟು ಸಾಯುತ್ತವೆ, ಕೆಲವು ಮಾತ್ರ ಸ್ಮರಣ ಕೋಶಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಮೊದಲ ಸಲ ಒಂದೆರಡು ವಾರ ಹಿಡಿದ ಕೆಲಸ ಎರಡನೇ ಸಲ ಕೆಲವೇ ದಿನಕ್ಕೆ ಆಗುತ್ತದೆ. ಎಷ್ಟು ವರ್ಷ ಉಳಿಯಬಹುದು? ಉತ್ತರ ಅಟ್ಲಾಂಟಿಕ್ ಸಮುದ್ರದ ಫ್ಯಾರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಬರಲೇ ಇಲ್ಲ. 1846ರಲ್ಲಿ ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000 ಜನ ಮಲಗಿದರು. ಪೀಟರ್ ಪ್ಯಾನಮ್ ಎಂಬ ತರುಣ ಡಾಕ್ಟರ್ ಮನೆಮನೆ ಸುತ್ತಿ ವಿಚಾರಿಸಿದ. 1781ರಲ್ಲಿ ಚಿಕ್ಕವರಿದ್ದಾಗ ದಡಾರ ಎದ್ದಿದ್ದ ಮುದುಕರಲ್ಲಿ ಒಬ್ಬರಿಗೂ ಎರಡನೇ ಸಲ ಬಂದಿರಲಿಲ್ಲ. ನಡುವೆ ಒಮ್ಮೆಯೂ ಆ ರೋಗಾಣು ಎದುರಾಗದಿದ್ದರೂ ಮೈ 65 ವರ್ಷ ಒಂದು ಮುಖವನ್ನು ನೆನಪಿಟ್ಟುಕೊಂಡಿತ್ತು.

ಲಸಿಕೆ ಎಂದರೆ ರೋಗ ಬಾರದೆಯೇ ಆ ನೆನಪನ್ನು ಕೊಡುವುದು. ನಿಮ್ಮ ಅಜ್ಜ ಅಜ್ಜಿಯ ತೋಳು ನೋಡಿ, "ದೇವಿ ಹಾಕಿದ" ದೊಡ್ಡ ಗುರುತು ಇರಬಹುದು. ಸಿಡುಬನ್ನು ದೇವಿ ಎನ್ನುತ್ತಿದ್ದರು, ಅದರ ಲಸಿಕೆ ಹಾಕುವುದಕ್ಕೂ ಅದೇ ಹೆಸರು. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸವನ್ನು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. ಹಸುವಿನ ವೈರಸ್ಸೂ ಮನುಷ್ಯರ ಸಿಡುಬಿನ ವೈರಸ್ಸೂ ನೋಡಲು ದಾಯಾದಿಗಳ ಹಾಗೆ, ಒಬ್ಬನ ಗುರುತು ಹಿಡಿದ ಕೋಶ ಇನ್ನೊಬ್ಬನನ್ನೂ ಹಿಡಿಯುತ್ತದೆ. 1980ರಲ್ಲಿ ಜಗತ್ತಿನಿಂದ ಸಿಡುಬು ಹೋಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ನಿಮ್ಮ ತೋಳಿನಲ್ಲಿರುವ ಚಿಕ್ಕ ಗುರುತು ಬೇರೆ, ಅದು ಹುಟ್ಟಿದಾಗ ಹಾಕಿದ ಬಿಸಿಜಿ.

ಈ ದಾಯಾದಿ ಹೋಲಿಕೆ ಒಮ್ಮೊಮ್ಮೆ ಕೇಡನ್ನೂ ತರುತ್ತದೆ. ಚಿಕುನ್‌ಗುನ್ಯಾ 2006ರಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ಜನರ ಕೀಲು ಹಿಡಿದಿತ್ತು ಎಂದು ಮನೆಯಲ್ಲಿ ಕೇಳಿ. ಒಮ್ಮೆ ಬಂದವರಿಗೆ ಅದು ಮತ್ತೆ ಬರುವುದು ಅಪರೂಪ. ಡೆಂಗಿ ಹಾಗಲ್ಲ, ಅದರಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದರೆ ಅದರ ನೆನಪು ಗಟ್ಟಿಯಾಗಿ ಉಳಿಯುತ್ತದೆ. ಮುಂದೆ ಇನ್ನೊಂದು ಬಗೆ ಬಂದಾಗ ಹಳೆಯ ಪ್ರತಿಕಾಯ ಅದಕ್ಕೆ ಅರೆಬರೆ ಅಂಟುತ್ತದೆ. ವೈರಸ್ಸು ಸಾಯುವುದಿಲ್ಲ, ಬದಲಿಗೆ ಆ ಪ್ರತಿಕಾಯದ ಬಾಲ ಹಿಡಿದೇ ನುಂಗುವ ಕೋಶದೊಳಗೆ ಹೊಕ್ಕು ಬೆಳೆಯುತ್ತದೆ. ಅದಕ್ಕೇ ಎರಡನೇ ಸಲದ ಡೆಂಗಿ ಹೆಚ್ಚು ಅಪಾಯ. ಇಲ್ಲಿ ಕೊರತೆ ಬಲದ್ದಲ್ಲ, ಗುರುತು ಅರ್ಧ ತಪ್ಪಿದ್ದು.

ನೆನಪು ಬೆಳೆಯುವಷ್ಟು ಹೊತ್ತು ಇಲ್ಲದಾಗ? ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿತು ಎನ್ನಿ. ಎರಡು ವಾರ ಕಾಯಲು ಆಗುತ್ತದಾ? ಆಗ ಬೇರೆಯವರು ಮಾಡಿದ ಪ್ರತಿಕಾಯವನ್ನು ತಂದು ಕೊಡಬೇಕು. ಕುದುರೆಗಳಿಗೆ ಸ್ವಲ್ಪಸ್ವಲ್ಪ ವಿಷ ಚುಚ್ಚುತ್ತಾರೆ, ಅವುಗಳ ರಕ್ತದಲ್ಲಿ ಬೆಳೆದ ಪ್ರತಿಕಾಯವೇ ವಿಷಕ್ಕೆ ಕೊಡುವ ಇಂಜೆಕ್ಷನ್. ನಮ್ಮ ದೇಶದಲ್ಲಿ ಸಿಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿಸಿ ಮಾಡಿದ ಔಷಧ. ಈ ದಾರಿ ತೆರೆದದ್ದು 1890ರಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ. ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರದ್ದು, ಬೇರಿಂಗ್‌ಗೆ ಹೋಯಿತು. ಇದು ಕೂಡಲೇ ಕೆಲಸ ಮಾಡುತ್ತದೆ, ಆದರೆ ನೆನಪು ಉಳಿಯುವುದಿಲ್ಲ, ಯಾಕೆಂದರೆ ನಿಮ್ಮ ಕೋಶ ಏನನ್ನೂ ಕಲಿತಿಲ್ಲ. ಅಷ್ಟೇ ಅಲ್ಲ, ಕುದುರೆಯ ಪ್ರೊಟೀನನ್ನೇ ಮೈ "ಹೊರಗಿನದು" ಎಂದು ಗುರುತಿಸಿ ಕೆರಳಬಹುದು. ಅದಕ್ಕೇ ಇದನ್ನು ಆಸ್ಪತ್ರೆಯಲ್ಲಿ, ಆ ಕೆರಳಿಕೆಯನ್ನು ತಡೆಯುವ ಅಡ್ರಿನಲಿನ್ ಔಷಧವನ್ನು ಪಕ್ಕದಲ್ಲಿಟ್ಟುಕೊಂಡು ಕೊಡುತ್ತಾರೆ.

ನಾಯಿ ಕಚ್ಚಿದರೆ ಎರಡೂ ಬೇಕಾಗಬಹುದು. ಮೊದಲು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಆಳವಾದ ಗಾಯದ ಸುತ್ತ ಸಿದ್ಧ ಪ್ರತಿಕಾಯ ಚುಚ್ಚುತ್ತಾರೆ, ಅದು ಮೊದಲ ಕೆಲವು ದಿನ ಕಾಯಲು. ಜೊತೆಗೆ ಲಸಿಕೆ ಶುರು ಮಾಡುತ್ತಾರೆ, ಅದು ನಿಮ್ಮದೇ ಪ್ರತಿಕಾಯ ಬೆಳೆಯಲು. ರೇಬೀಸ್ ವೈರಸ್ ನರದ ದಾರಿಯಲ್ಲಿ ಮೆದುಳಿಗೆ ಹೋಗಲು ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಕಚ್ಚಿದ ಮೇಲೆ ಹಾಕಿದ ಲಸಿಕೆಯೂ ಕೆಲಸ ಮಾಡುವುದು ಅದಕ್ಕೇ. ಒಂದು ಡೋಸನ್ನೂ ತಪ್ಪಿಸಬೇಡಿ. ರೋಗ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ.

ಗುರುತು ತಪ್ಪಿದರೆ ಏನೇನಾಗುತ್ತದೆ ನೋಡೋಣ. ಅದೇ ಬಳ್ಳಾರಿ ಜಾಲಿ ಹೂ ಬಿಟ್ಟಾಗ ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ. ಪರಾಗದಿಂದ ಮೈಗೆ ಯಾವ ಕೇಡೂ ಇಲ್ಲ. ಆದರೆ ಕೆಲವರ ಬಿ ಕೋಶ ಅದನ್ನು ಅಪಾಯ ಎಂದುಕೊಂಡು ಐಜಿಇ ಮಾಡುತ್ತದೆ, ಅದು ಹೋಗಿ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ. ಮುಂದಿನ ಸಲ ಪರಾಗ ಮೂಗಿಗೆ ಬಂದ ಕೂಡಲೇ ಹಿಸ್ಟಮಿನ್ ಸುರಿಯುತ್ತದೆ: ಸೀನು, ಕಣ್ಣು ಕೆಂಪು, ಕೆಲವರಿಗೆ ಉಬ್ಬಸ. ಮುಳ್ಳು ಚುಚ್ಚಿದಾಗ ಕಾಪಾಡಿದ ಹಿಸ್ಟಮಿನ್ನೇ ಇಲ್ಲಿ ಕಾಟ ಕೊಡುವುದು. "ಇಷ್ಟು ವರ್ಷ ಏನೂ ಆಗಿರಲಿಲ್ಲ, ಈಗ ಯಾಕೆ" ಎಂದು ಕೇಳುತ್ತಾರೆ. ಮೊದಲ ಪರಿಚಯದಲ್ಲಿ ಏನೂ ಕಾಣುವುದಿಲ್ಲ, ಆಗ ಬರೀ ತಯಾರಿ.

ಸ್ವಂತ ಮೈಯನ್ನೇ ಹೊರಗಿನದು ಎಂದುಕೊಂಡರೆ ಆಟೋಇಮ್ಯೂನ್ ಕಾಯಿಲೆ. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಟಿ ಕೋಶಗಳು ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತವೆ. ಆ ಮಗು ಸಿಹಿ ತಿಂದದ್ದಕ್ಕೆ ಬಂದ ಕಾಯಿಲೆ ಅಲ್ಲ ಅದು, ಯಾರೂ ಮಗುವನ್ನೂ ತಾಯಿಯನ್ನೂ ದೂರಬಾರದು. ಥೈಮಸ್‌ನ ಪರೀಕ್ಷೆಯಲ್ಲಿ ಕೆಲವು ತಪ್ಪು ಕೋಶಗಳು ಹೇಗೋ ದಾಟಿ ಬರುತ್ತವೆ. ಅವುಗಳನ್ನು ಹೊರಗೆ ಹದ್ದಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಇವೆ. ಅವುಗಳನ್ನು ಕಂಡುಹಿಡಿದ ಕೆಲಸಕ್ಕೆ ಶಿಮೋನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು. ಪಠ್ಯದಲ್ಲಿ ಇಲ್ಲದಿದ್ದರೂ ತಿಳಿದಿರಲಿ. ಇನ್ನು ಎಚ್‌ಐವಿ ಸಹಾಯಕ ಟಿ ಕೋಶವನ್ನೇ ಹಿಡಿಯುತ್ತದೆ. ಅನುಮತಿ ಕೊಡುವವರೇ ಇಲ್ಲದೆ ಬೇರೆ ಕೋಶಗಳು ಇದ್ದೂ ಇಲ್ಲದ ಹಾಗೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸಹಾಯಕ ಟಿ ಕೋಶಗಳ ಎಣಿಕೆ 200ಕ್ಕಿಂತ ಕೆಳಗೆ ಬಂದರೆ ಏಡ್ಸ್. ಈಗ ಔಷಧ ಇದೆ, ಬಿಡದೆ ತೆಗೆದುಕೊಂಡರೆ ಪೂರ್ತಿ ಆಯುಸ್ಸು ಬದುಕಬಹುದು.

ಹಾಗಾದರೆ "ಇಮ್ಯುನಿಟಿ ಹೆಚ್ಚಿಸುವ" ಪುಡಿ, ಸಿರಪ್? ಅಲರ್ಜಿಯೂ ಒಂದು ರೀತಿಯಲ್ಲಿ "ಹೆಚ್ಚಾದ" ಇಮ್ಯುನಿಟಿಯೇ ಎಂದು ಈಗ ನಿಮಗೆ ಗೊತ್ತು. ದುಡ್ಡು ಅಲ್ಲಿ ಹಾಕಬೇಡಿ. ಪ್ರತಿಕಾಯ ಪ್ರೊಟೀನು, ಕೋಶ ಒಡೆದು ಲಕ್ಷವಾಗಲು ಪ್ರೊಟೀನು ಬೇಕು, ಸತು ಬೇಕು, ವಿಟಮಿನ್ ಎ ಬೇಕು. 2021ರ ಡಿಸೆಂಬರ್‌ನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದದ್ದು ಮಕ್ಕಳ ಅಪೌಷ್ಟಿಕತೆ ನೋಡಿಯೇ. ಮೊಟ್ಟೆ ತಿನ್ನದವರಿಗೆ ಬೇಳೆ, ಕಾಳು, ಶೇಂಗಾ ಇದೆ. ರಾತ್ರಿ ಸರಿಯಾಗಿ ನಿದ್ದೆ ಮಾಡಿ.

ಆ ಹುಡುಗಿಯನ್ನು ಅವತ್ತು ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಅಲ್ಲಿನ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ: "ಟಿಟಿ ಯಾವಾಗ ಹಾಕಿಸಿದ್ದೆ?" ಯಾಕೆ ಕೇಳಿದರು ಸರ್ ಎಂದು ಮಾರನೇ ದಿನ ಬಂದಳು. ಧನುರ್ವಾಯುವಿನ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ, ಮುಳ್ಳಿನ ಜೊತೆ ಆಳಕ್ಕೆ ಹೋದರೆ ಗಾಳಿಯಿಲ್ಲದ ಜಾಗದಲ್ಲಿ ಮೊಳೆತು ವಿಷ ಬಿಡುತ್ತವೆ. ಆ ವಿಷ ಎಷ್ಟು ಕಡುವೆಂದರೆ ಕೊಲ್ಲಲು ಬೇಕಾದ ಪ್ರಮಾಣ ಮೈಗೆ ಗುರುತು ಕಲಿಸಲೂ ಸಾಲದಷ್ಟು ಚಿಕ್ಕದು. ಹಾಗಾಗಿ ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದರ ನೆನಪು ಉಳಿಯುವುದಿಲ್ಲ, ಅವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಲಸಿಕೆಯಲ್ಲಿ ಇರುವುದು ಕೇಡು ತೆಗೆದ ಅದೇ ವಿಷ, ಕಲಿಯುವಷ್ಟು ಪ್ರಮಾಣದಲ್ಲಿ. ಆ ನೆನಪೂ ನಿಧಾನವಾಗಿ ಮಾಸುತ್ತದೆ. ಆದ್ದರಿಂದ ಗಾಯ ಮಣ್ಣಾಗಿದ್ದು ಹಿಂದಿನ ಡೋಸ್ ಹಾಕಿ 5 ವರ್ಷ ದಾಟಿದ್ದರೆ ಮತ್ತೊಂದು ಹಾಕುತ್ತಾರೆ. ಈಗ ಟಿಟಿ ಬದಲು ಟಿಡಿ (ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ ಸೇರಿಸಿ ಮಾಡಿದ ಲಸಿಕೆ) ಬಂದಿದೆ, 10 ಮತ್ತು 16ನೇ ವಯಸ್ಸಿಗೆ. ಸಿಸ್ಟರ್ ಕೇಳಿದ್ದು ಅವಳ ನೆನಪನ್ನಲ್ಲ, ಅವಳ ಬಿ ಕೋಶಗಳ ನೆನಪನ್ನು. ಅವಳಿಗೆ ದಿನಾಂಕ ಗೊತ್ತಿರಲಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಇವತ್ತು ಮನೆಯಲ್ಲಿ ಕೇಳಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.